ಮೆಡಿಕಲ್ ಶಾಪಿನ ಗ್ಯಾಸ್ಟ್ರಿಕ್ ಕಪಾಟು: ಆಸಿಡ್ ಇಳಿಸುವುದು ಯಾವುದು, ಗೋಡೆ ಕಾಯುವುದು ಯಾವುದು

"ಗ್ಯಾಸ್ಟ್ರಿಕ್‌ಗೆ ಏನಾದ್ರೂ ಕೊಡಿ" ಎಂದು ಕೇಳಿದರೆ ಕೌಂಟರಿನ ಆಚೆಯಿಂದ ಬರುವುದು ಸಾಮಾನ್ಯವಾಗಿ ಮೂರರಲ್ಲೊಂದು: ಈನೋ ಸ್ಯಾಷೆ, ಡೈಜೀನ್, ಇಲ್ಲವೇ ಪ್ಯಾನ್ 40ರ (ಪ್ಯಾಂಟೊಪ್ರಜೋಲ್) ಸ್ಟ್ರಿಪ್. ಮೂರೂ ಆಸಿಡ್ಡಿನ ಮೇಲೆ ಕೆಲಸ ಮಾಡುವಂಥವು. ಕೇಳಿದವರ ಚೀಲದಲ್ಲಿ ಅದೇ ಹೊತ್ತಿಗೆ ಮಂಡಿನೋವಿನ ಮಾತ್ರೆಯೂ ಇದ್ದರೆ, ಅವರ ಹೊಟ್ಟೆಯಲ್ಲಿ ಆಸಿಡ್ ಹೆಚ್ಚಾಗಿರಲಿಕ್ಕೇ ಇಲ್ಲ. ಎಂದಿನಷ್ಟೇ ಆಸಿಡ್ ಇದೆ, ಅದನ್ನು ತಡೆದುಕೊಳ್ಳುವ ಜಠರದ ಒಳಗೋಡೆ ಸೋತಿದೆ. ಹಾಗಾಗಿ ಕಪಾಟಿನ ಒಂದೊಂದು ಸಾಮಾನನ್ನೂ ಇಲ್ಲಿ ಒಂದೇ ಪ್ರಶ್ನೆ ಹಾಕಿ ನೋಡಿದ್ದೇವೆ: ಗೋಡೆಗೆ ಇದರಿಂದ ಏನು ಸಿಗುತ್ತದೆ?

ಮೊದಲು ಗೋಡೆಯ ವಿಚಾರ. ಎರಡು ಊಟಗಳ ನಡುವಿನ ಹೊತ್ತಿನಲ್ಲಿ ಜಠರದೊಳಗಿನ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 1ರಿಂದ 2ರ ಆಸುಪಾಸು ಇರುತ್ತದೆ. ಅದೇ ಜಠರದ ಒಳಮೈಯ ಜೀವಕೋಶಕ್ಕೆ ತಾಗಿಕೊಂಡಿರುವ ಜಾಗದಲ್ಲಿ ಪಿಎಚ್ 7ರ ಹತ್ತಿರ. ಪಿಎಚ್ 2ರಿಂದ 7 ಎಂದರೆ ಆಮ್ಲದ ತೀವ್ರತೆ ಒಂದು ಲಕ್ಷ ಪಟ್ಟು ಕಡಿಮೆ. ಈ ಇಳಿಕೆಯೆಲ್ಲ ನಡೆಯುವುದು ಒಂದು ಮಿಲಿಮೀಟರಿಗಿಂತಲೂ ತೆಳುವಾದ ಲೋಳೆಯ ಪದರದಲ್ಲಿ. ಲೋಳೆಯ ಬಹುಪಾಲು ನೀರೇ. ಆದರೆ ಅದರ ಜಾಲದೊಳಗೆ ಜೀವಕೋಶಗಳು ಬೈಕಾರ್ಬೊನೇಟನ್ನು ಬಿಡುತ್ತಲೇ ಇರುತ್ತವೆ. ಇಳಿದುಬರುವ ಆಸಿಡ್ ಅಲ್ಲಲ್ಲೇ ಶಮನವಾಗುತ್ತದೆ. ಪ್ರೋಟೀನ್ ಅರಗಿಸುವ ಪೆಪ್ಸಿನ್‌ಗೂ ಈ ಪದರ ಸುಲಭಕ್ಕೆ ದಾರಿ ಬಿಡುವುದಿಲ್ಲ.

ಲೋಳೆಯ ಕೆಳಗೆ ಒಂದಕ್ಕೊಂದು ಬಿಗಿಯಾಗಿ ಹೊಲಿದುಕೊಂಡ ಜೀವಕೋಶಗಳ ಸಾಲು. ಅವುಗಳ ಮೇಲ್ಪೊರೆ ಕೊಬ್ಬಿನ ಅಂಶದಿಂದಾಗಿ ನೀರಿಗೆ ಅಷ್ಟು ಸುಲಭವಾಗಿ ಒದ್ದೆಯಾಗುವುದಿಲ್ಲ. ಅದರ ಕೆಳಗೆ ರಕ್ತದ ಓಟ. ತಪ್ಪಿಸಿಕೊಂಡು ಒಳಗೆ ಬಂದ ಆಸಿಡ್ಡನ್ನು ಹೊತ್ತೊಯ್ಯುವುದು, ಬೈಕಾರ್ಬೊನೇಟ್ ತಂದುಕೊಡುವುದು ಎರಡೂ ಈ ರಕ್ತದ್ದೇ ಕೆಲಸ. ಮೇಲ್ಪದರದ ಜೀವಕೋಶಗಳು ಕೆಲವೇ ದಿನಗಳಿಗೊಮ್ಮೆ ಪೂರ್ತಿ ಹೊಸದಾಗುತ್ತವೆ. ಸಣ್ಣ ತರಚು ಬಿದ್ದರೆ ಅಕ್ಕಪಕ್ಕದ ಕೋಶಗಳು ಸರಿದು ಬಂದು ಕೆಲವೇ ಗಂಟೆಗಳಲ್ಲಿ ಮುಚ್ಚಿಬಿಡುತ್ತವೆ.

ಇವಿಷ್ಟನ್ನೂ ನಡೆಸುವ ಸೂತ್ರ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕದ ಕೈಯಲ್ಲಿದೆ. ಲೋಳೆ ಹೆಚ್ಚಿಸು, ಬೈಕಾರ್ಬೊನೇಟ್ ಬಿಡು, ರಕ್ತ ಹರಿಸು, ಆಸಿಡ್ ತುಸು ತಗ್ಗಿಸು, ಈ ನಾಲ್ಕೂ ಆಜ್ಞೆ ಅದರದ್ದೇ. ಅದನ್ನು ತಯಾರಿಸುವ ಕಿಣ್ವ ಕಾಕ್ಸ್-1. ನೋವಿನ ಮಾತ್ರೆ ಹೊಡೆಯುವುದು ಸರಿಯಾಗಿ ಇಲ್ಲಿಗೇ.

ಗೋಡೆ ಕೆಡಿಸುವವರು

ಆಸ್ಪಿರಿನ್ ಎರಡು ಕಡೆಯಿಂದ ಹೊಡೆಯುತ್ತದೆ. ಜಠರದ ಹುಳಿಯಲ್ಲಿ ಅದು ವಿದ್ಯುದಂಶವಿಲ್ಲದೆ ಇರುವುದರಿಂದ ಕೊಬ್ಬಿನ ಪೊರೆಯನ್ನು ಸಲೀಸಾಗಿ ದಾಟಿ ಜೀವಕೋಶದೊಳಗೆ ಹೋಗುತ್ತದೆ. ಒಳಗೆ ಪಿಎಚ್ 7. ಅಲ್ಲಿ ಅದು ವಿದ್ಯುದಂಶ ಪಡೆದ ಅಯಾನಾಗಿ ಬದಲಾಗಿ ಹೊರಬರಲಾರದೆ ಸಿಕ್ಕಿಬೀಳುತ್ತದೆ, ಜೀವಕೋಶದ ಶಕ್ತಿಕೇಂದ್ರಗಳನ್ನೇ ಕೆಡಿಸುತ್ತದೆ. ಕೋಶಗಳ ನಡುವಿನ ಹೊಲಿಗೆ ಬಿಡುತ್ತದೆ, ಆಸಿಡ್ ಹಿಮ್ಮುಖವಾಗಿ ಗೋಡೆಯೊಳಕ್ಕೆ ಇಳಿಯುತ್ತದೆ. ಅಮೆರಿಕದ ಶರೀರಶಾಸ್ತ್ರಜ್ಞ ಹೊರೇಸ್ ಡೇವನ್‌ಪೋರ್ಟ್ 1960ರ ದಶಕದಲ್ಲಿ ನಾಯಿಗಳ ಜಠರದ ಮೇಲೆ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ. ಎರಡನೆಯ ಹೊಡೆತ ರಕ್ತದ ಮೂಲಕ ಬರುವಂಥದ್ದು. ಆಸ್ಪಿರಿನ್ ಜಾತಿಯ ಮಾತ್ರೆಗಳು ಪ್ರೊಸ್ಟಗ್ಲಾಂಡಿನ್ ತಯಾರಿಕೆಯನ್ನೇ ನಿಲ್ಲಿಸುತ್ತವೆ ಎಂದು ಬ್ರಿಟನ್ನಿನ ಔಷಧವಿಜ್ಞಾನಿ ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟರು. 1982ರಲ್ಲಿ ಅವರಿಗೆ ನೊಬೆಲ್ ಬಂತು.

ಈ ಎರಡನೆಯ ದಾರಿ ಅರ್ಥವಾದರೆ ಊರೆಲ್ಲ ಓಡಾಡುವ ಮೂರು ನಂಬಿಕೆ ಒಟ್ಟಿಗೇ ಬಿದ್ದುಹೋಗುತ್ತವೆ. "ಇಂಜೆಕ್ಷನ್ ಹಾಕಿಸಿಕೊಂಡರೆ ಗ್ಯಾಸ್ಟ್ರಿಕ್ ಆಗಲ್ಲ" ಎಂಬುದು ಒಂದು. ಸೊಂಟಕ್ಕೆ ಚುಚ್ಚಿದ ಡೈಕ್ಲೋಫೆನಾಕ್ ರಕ್ತದಲ್ಲೇ ಜಠರಕ್ಕೆ ಬಂದು ಕಾಕ್ಸ್-1 ಅನ್ನು ತಡೆಯುತ್ತದೆ. "ಊಟದ ಮೇಲೆ ನುಂಗಿದರೆ ಏನೂ ಆಗಲ್ಲ" ಎಂಬುದು ಇನ್ನೊಂದು. ಊಟ ನೇರ ಸ್ಪರ್ಶದ ಉರಿಯನ್ನಷ್ಟೇ ತಗ್ಗಿಸುತ್ತದೆ. ಮೂರನೆಯದು ಕೋಟಿಂಗ್ ಮೇಲಿನ ಭರವಸೆ. ಇಕೋಸ್ಪ್ರಿನ್ 75, 150ರಂಥ ಮಾತ್ರೆಗಳ ಹೊರಪದರ ಜಠರದಲ್ಲಿ ಕರಗದೆ ಕರುಳಿನಲ್ಲಿ ಕರಗುವುದು ನಿಜ, ಆದರೆ ರಕ್ತಸ್ರಾವದ ಅಪಾಯ ಅದರಿಂದ ಹೋಗುವುದಿಲ್ಲ. ಹಾಗೆಂದು ಸ್ಟೆಂಟ್ ಹಾಕಿಸಿಕೊಂಡವರು, ಹಾರ್ಟ್ ಅಟ್ಯಾಕ್ ಆದವರು ಉರಿ ಬಂತೆಂದು ಆಸ್ಪಿರಿನ್ನನ್ನು ತಾವೇ ನಿಲ್ಲಿಸುವ ಹಾಗಿಲ್ಲ. ಅಲ್ಲಿ ಗೋಡೆಯ ನಷ್ಟಕ್ಕಿಂತ ಹೃದಯದ ನಷ್ಟ ದೊಡ್ಡದು. ಜೊತೆಗೆ ಕಾವಲಿನ ಮಾತ್ರೆ ಬೇಕೇ ಎಂದು ವೈದ್ಯರನ್ನು ಕೇಳಬೇಕು.

ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್, ನ್ಯಾಪ್ರೊಕ್ಸೆನ್, ಮುಟ್ಟಿನ ಹೊಟ್ಟೆನೋವಿಗೆ ಕೊಡುವ ಮೆಫೆನಮಿಕ್ ಆಸಿಡ್, ಎಲ್ಲವೂ ಇದೇ ಕುಲ. ಅಪಾಯದ ಪ್ರಮಾಣ ಒಂದೊಂದರದ್ದು ಒಂದೊಂದು ಥರ. ಕಡಿಮೆ ಡೋಸಿನ ಐಬುಪ್ರೊಫೆನ್ ಸೌಮ್ಯ ಎನ್ನಬಹುದು. ಎಟೊರಿಕಾಕ್ಸಿಬ್, ಸೆಲೆಕಾಕ್ಸಿಬ್ ಕಾಕ್ಸ್-1ನ್ನು ಬಹುಪಾಲು ಬಿಟ್ಟು, ಉರಿಯೂತ ನೋವಿನ ಹಿಂದಿರುವ ಸೋದರ ಕಿಣ್ವ ಕಾಕ್ಸ್-2ನ್ನೇ ಗುರಿ ಮಾಡುವುದರಿಂದ ಜಠರಕ್ಕೆ ಹಗುರ. ಆದರೆ ಹೃದ್ರೋಗಿಗಳಿಗೆ ಅದೇ ಭಾರ: ಆ ವರ್ಗದ ರೋಫೆಕಾಕ್ಸಿಬ್ 2004ರಲ್ಲಿ ಜಗತ್ತಿನಾದ್ಯಂತ ಮಾರುಕಟ್ಟೆಯಿಂದ ಹೊರನಡೆಯಿತು. ಚರ್ಮಕ್ಕೆ ಹಚ್ಚುವ ಡೈಕ್ಲೋ ಜೆಲ್ ಮಾತ್ರ ಬೇರೆ ಮಾತು. ರಕ್ತಕ್ಕೆ ಸೇರುವುದು ಮಾತ್ರೆಯ ಒಂದು ಚಿಕ್ಕ ಪಾಲು, ಮಂಡಿನೋವಿಗೆ ಮೊದಲು ಅದನ್ನು ನೋಡಿ ಆಮೇಲೆ ಮಾತ್ರೆಗೆ ಹೋಗುವುದು ಜಾಣತನ.

ಹೆಸರಿನ ಗೊಂದಲ ಇಲ್ಲಿ ದುಬಾರಿ. ಬೆಂಗಳೂರಿನ ಮೈಕ್ರೋ ಲ್ಯಾಬ್ಸ್ ತಯಾರಿಸುವ ಡೋಲೋ 650 ಬರೀ ಪ್ಯಾರಾಸಿಟಮಾಲ್, ಜಠರದ ಗೋಡೆಯ ತಂಟೆಗೆ ಹೆಚ್ಚುಕಡಿಮೆ ಹೋಗದ ಮಾತ್ರೆ. ಜೀರೋಡಾಲ್-ಪಿ ಎಂದರೆ ಅಸೆಕ್ಲೋಫೆನಾಕ್ 100 ಮಿಗ್ರಾಂ, ಜೊತೆಗೆ ಪ್ಯಾರಾಸಿಟಮಾಲ್ 325. ಕಾಂಬಿಫ್ಲಾಮ್ ಎಂದರೆ ಐಬುಪ್ರೊಫೆನ್ 400, ಪ್ಯಾರಾಸಿಟಮಾಲ್ 325. "ಡೋಲೋ ಥರದ್ದೇ" ಎಂದುಕೊಂಡು ವಾರಗಟ್ಟಲೆ ನುಂಗುವವರ ಗೋಡೆ ಸೋಲುವುದು ಈ ಕೂಟಗಳಲ್ಲಿ. ಜೊತೆಗೆ ಡೋಲೋ ಕೂಡ ತೆಗೆದುಕೊಂಡರೆ ಪ್ಯಾರಾಸಿಟಮಾಲ್ ಎರಡು ಕಡೆಯಿಂದ ಸೇರಿ ಲಿವರಿನ ಲೆಕ್ಕ ತಪ್ಪುತ್ತದೆ. ಸಂಧಿವಾತಕ್ಕೆಂದು ಲೇಬಲ್ಲಿಲ್ಲದೆ ಪೊಟ್ಟಣದಲ್ಲಿ ಕೊಡುವ ಪುಡಿಗಳ ಬಗ್ಗೆ ಒಂದೇ ಮಾತು: ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರಕೆ ಪತ್ತೆಯಾಗಿರುವುದು ಹೊಸದೇನಲ್ಲ. ಸ್ಟೀರಾಯ್ಡ್ ಮತ್ತು ನೋವಿನ ಮಾತ್ರೆ ಒಟ್ಟಿಗೆ ಬಿದ್ದರೆ ಹುಣ್ಣಿನ ಅಪಾಯ ಕೂಡುವುದಿಲ್ಲ, ಗುಣಿಸುತ್ತದೆ.

ಮದ್ಯದ ಕೆಲಸ ನೇರ. ಹೆಚ್ಚು ಸಾಂದ್ರವಾದಷ್ಟೂ ಲೋಳೆ ಕದಡುತ್ತದೆ, ಮೇಲ್ಪದರದ ಕೋಶಗಳು ಉದುರುತ್ತವೆ. 40 ಶೇಕಡದ ವಿಸ್ಕಿ, ರಮ್ಮನ್ನು ನೀರು ಬೆರೆಸದೆ ಖಾಲಿ ಹೊಟ್ಟೆಗೆ ಇಳಿಸುವುದು ಎಲ್ಲಕ್ಕಿಂತ ಕೆಟ್ಟ ಪದ್ಧತಿ. ಮರುದಿನದ ತಲೆನೋವಿಗೆ ಆಸ್ಪಿರಿನ್ ನುಂಗಿದರೆ ತರಚಿದ ಗೋಡೆಗೇ ಇನ್ನೊಂದು ಪೆಟ್ಟು. ಬೀಡಿ, ಸಿಗರೇಟು ಬೈಕಾರ್ಬೊನೇಟ್ ಮತ್ತು ರಕ್ತದ ಓಟ ಎರಡನ್ನೂ ಕುಗ್ಗಿಸಿ ಹುಣ್ಣು ಮಾಯುವುದನ್ನು ತಡಮಾಡುತ್ತವೆ. ಪಿತ್ತರಸ ಕರುಳಿನಿಂದ ಹಿಮ್ಮುಖವಾಗಿ ಜಠರಕ್ಕೆ ಬಂದರೂ ಕೊಬ್ಬಿನ ಪೊರೆ ಕರಗುತ್ತದೆ.

ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ ಈ ಲೋಳೆಯಲ್ಲೇ ಮನೆ ಮಾಡುತ್ತದೆ. ಯೂರಿಯೇಸ್ ಕಿಣ್ವದಿಂದ ಅಮೋನಿಯಾ ತಯಾರಿಸಿ ತನ್ನ ಸುತ್ತಲಿನ ಆಸಿಡ್ಡನ್ನು ಶಮನ ಮಾಡಿಕೊಳ್ಳುತ್ತದೆ, ಲೋಳೆಯನ್ನು ತೆಳುಗೊಳಿಸಿ ಒಳನುಗ್ಗುತ್ತದೆ, ಕೋಶಗಳಿಗೆ ವಿಷ ಬಿಡುತ್ತದೆ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ವೈದ್ಯ ಬ್ಯಾರಿ ಮಾರ್ಷಲ್ 1984ರಲ್ಲಿ ಅದರ ದ್ರಾವಣವನ್ನು ತಾವೇ ಕುಡಿದು ಜಠರದ ಉರಿಯೂತ ತರಿಸಿಕೊಂಡು ತೋರಿಸಿದರು. 2005ರ ನೊಬೆಲ್ ಅವರಿಗೂ ಅವರ ಸಹಸಂಶೋಧಕ ರಾಬಿನ್ ವಾರೆನ್ ಅವರಿಗೂ ಸಂದಿತು. ಈ ಬ್ಯಾಕ್ಟೀರಿಯಾ ನಮ್ಮ ದೇಶದಲ್ಲಿ ತೀರಾ ಸಾಮಾನ್ಯ. ಅದೂ ನೋವಿನ ಮಾತ್ರೆಯೂ ಒಂದೇ ಹೊಟ್ಟೆಯಲ್ಲಿ ಸೇರಿದಾಗ ರಕ್ತಸ್ರಾವದ ಸಂಭವ ಬಹಳ ಏರುತ್ತದೆ.

ಮೆಣಸಿನಕಾಯಿಗೆ ಸಿಗುವ ಬೈಗುಳ ಮಾತ್ರ ಅದರ ಯೋಗ್ಯತೆಗಿಂತ ಹೆಚ್ಚು. ಗುಂಟೂರಿನ ಖಾರ ಉರಿಸುವುದು ನರವನ್ನು. ಮಿತವಾದ ಪ್ರಮಾಣದಲ್ಲಿ ಅದೇ ನರಗಳು ಜಠರದ ರಕ್ತದ ಓಟವನ್ನು ಹೆಚ್ಚಿಸುತ್ತವೆ. ಆಗಲೇ ಹುಣ್ಣಿದ್ದವರಿಗೆ ಖಾರ ನೋವು ಕೊಡುತ್ತದೆ, ಹುಣ್ಣು ಹುಟ್ಟಿಸುವುದು ಅದಲ್ಲ. ಖಾಲಿ ಹೊಟ್ಟೆಯ ಕಾಫಿ ಆಸಿಡ್ ಸುರಿಸುತ್ತದೆ, ಗೋಡೆ ಗಟ್ಟಿಯಿದ್ದವರಿಗೆ ಅದು ದೊಡ್ಡ ಸಂಗತಿಯಲ್ಲ.

ತಕ್ಷಣದ ಶಮನದ ಸಾಮಾನು

ಈನೋ ಥರದ ಪುಡಿ 5 ಗ್ರಾಂ ಸ್ಯಾಷೆಯಲ್ಲಿ ಬರುತ್ತದೆ: ಅಡುಗೆ ಸೋಡಾ ಮತ್ತು ಸಿಟ್ರಿಕ್ ಆಮ್ಲ. ನೀರಿಗೆ ಬಿದ್ದ ತಕ್ಷಣ ಬುಸ್ಸೆಂದು ಬರುವುದು ಇಂಗಾಲದ ಡೈಆಕ್ಸೈಡ್. ಅದೇ ಅನಿಲ ಹೊಟ್ಟೆಯಿಂದ ತೇಗಾಗಿ ಹೊರಬಂದಾಗ "ಗ್ಯಾಸ್ ಹೋಯ್ತು" ಅನ್ನಿಸುತ್ತದೆ. ಹೋದದ್ದರಲ್ಲಿ ಒಂದಷ್ಟು ಸ್ಯಾಷೆಯೇ ತಂದದ್ದು. ಆಸಿಡ್ ಶಮನ ನಿಮಿಷಗಳಲ್ಲೇ ಆಗುತ್ತದೆ, ಹಾಗೇ ಬೇಗ ಮುಗಿಯುತ್ತದೆ. ಒಂದು ಸ್ಯಾಷೆಯಲ್ಲಿ ಸುಮಾರು 2 ಗ್ರಾಂ ಅಡುಗೆ ಉಪ್ಪಿನಲ್ಲಿರುವಷ್ಟು ಸೋಡಿಯಂ ಇರುತ್ತದೆ. ಬಿಪಿ, ಕಿಡ್ನಿ, ಹಾರ್ಟ್ ಫೇಲ್ಯೂರ್ ಇರುವವರಿಗೆ ಇದು ಬೇಡ. ಗೋಡೆಗೆ ಏನೂ ಸಿಗದು. ಮದುವೆ ಊಟ ಹೆಚ್ಚಾದ ರಾತ್ರಿಗೆ ಸರಿ, ದಿನಚರಿಗೆ ಅಲ್ಲ. ಎದೆ ಬಿಗಿತದ ಜೊತೆ ಬೆವರು, ಎಡಗೈಗೋ ದವಡೆಗೋ ಹರಿಯುವ ನೋವು, ಏದುಸಿರು ಇದ್ದರೆ ಸೋಡಾ ಕಲಕುತ್ತ ಕೂರಬಾರದು, ಮೊದಲು ಇಸಿಜಿ.

ಡೈಜೀನ್, ಜೆಲುಸಿಲ್ ಜಾತಿಯ ಆಂಟಾಸಿಡ್‌ಗಳಲ್ಲಿ ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂ ಹೈಡ್ರಾಕ್ಸೈಡ್ ಜೋಡಿ, ಗುಳ್ಳೆ ಒಡೆಯಲು ಸಿಮೆಥಿಕೋನ್. ಅಲ್ಯೂಮಿನಿಯಂ ಮಲ ಕಟ್ಟಿಸುತ್ತದೆ, ಮೆಗ್ನೀಸಿಯಂ ಸಡಿಲಿಸುತ್ತದೆ, ಅದಕ್ಕೇ ಎರಡನ್ನೂ ಜೋಡಿಸಿರುವುದು. ಮಾತ್ರೆಗಿಂತ ದ್ರವ ಬೇಗ ಕೆಲಸ ಮಾಡುತ್ತದೆ; ಮಾತ್ರೆಯಾದರೆ ಚೆನ್ನಾಗಿ ಅಗಿಯಬೇಕು, ಇಡಿಯಾಗಿ ನುಂಗಿದರೆ ಅರ್ಧ ಪ್ರಯೋಜನ ಹೋಯಿತು. ಬಾಟಲಿ ಅಲುಗಾಡಿಸದೆ ಸುರಿದರೆ ಮೇಲಿನ ತೆಳುನೀರಷ್ಟೇ ಬರುತ್ತದೆ, ಔಷಧ ತಳದಲ್ಲೇ ಉಳಿಯುತ್ತದೆ. ಹೊತ್ತು ಮುಖ್ಯ: ಖಾಲಿ ಹೊಟ್ಟೆಗೆ ಕುಡಿದರೆ ಅರ್ಧ ಗಂಟೆ ಮುಕ್ಕಾಲು ಗಂಟೆಯಲ್ಲಿ ಜಠರದಿಂದ ಜಾರಿಹೋಗುತ್ತದೆ, ಊಟವಾಗಿ ಒಂದು ಗಂಟೆಯ ಮೇಲೆ 10 ಮಿಲಿ ಕುಡಿದರೆ ಎರಡು ಮೂರು ಗಂಟೆ ನಿಲ್ಲುತ್ತದೆ. ಥೈರಾಯ್ಡ್ ಮಾತ್ರೆ, ಕಬ್ಬಿಣದ ಮಾತ್ರೆ, ಸಿಪ್ರೊಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್ ಇವುಗಳ ಜೊತೆ ಸೇರಿದರೆ ಅವನ್ನು ಕಟ್ಟಿಹಾಕಿ ಮೈಗೆ ಹತ್ತದಂತೆ ಮಾಡುತ್ತದೆ. ಕನಿಷ್ಠ 2 ಗಂಟೆಯ ಅಂತರ ಬೇಕು, ಥೈರಾಯ್ಡ್ ಮಾತ್ರೆಗೆ 4 ಗಂಟೆ. ಇನ್ನೊಂದು, ಯಾರೂ ಹೇಳದ ಸಂಗತಿ: ಕೋಟಿಂಗ್ ಇರುವ ಆಸ್ಪಿರಿನ್ ಮೇಲೆ ಆಂಟಾಸಿಡ್ ಕುಡಿದರೆ ಹುಳಿ ಇಳಿದು ಆ ಕೋಟಿಂಗ್ ಜಠರದಲ್ಲೇ ಕರಗಬಹುದು. ಸಾಂದರ್ಭಿಕ ಉರಿಗೆ ಒಳ್ಳೆಯ ಸಾಮಾನು, ನೋವಿನ ಮಾತ್ರೆಯ ಹುಣ್ಣನ್ನು ತಡೆಯುವ ತಾಕತ್ತು ಇದಕ್ಕಿಲ್ಲ.

ಮ್ಯೂಕೇನ್ ಥರದ ಆಕ್ಸೆಟಕೇನ್ ಜೆಲ್‌ಗೆ ಜನ ಮಾರುಹೋಗುವುದು ಸಹಜ, ಏಕೆಂದರೆ ಅದರಲ್ಲಿ ಮರಗಟ್ಟಿಸುವ ಔಷಧ ಇದೆ. ಎರಡು ಚಮಚದಲ್ಲಿ ಉರಿ ಮಾಯ, ಗೋಡೆ ಇದ್ದಂತೆಯೇ ಇದೆ. ಎಂಡೋಸ್ಕೋಪಿ ಮಾಡಿಸಬೇಕಾದವರು ಇದನ್ನೇ ಕುಡಿಯುತ್ತ ತಿಂಗಳು ದೂಡುವುದೇ ಇದರ ದೊಡ್ಡ ಅಡ್ಡಪರಿಣಾಮ.

ಆಸಿಡ್ ತಯಾರಿಕೆಗೇ ಕಡಿವಾಣ

ರಾನಿಟಿಡಿನ್ ಒಂದು ಕಾಲದ ರಾಜ. ಆಸಿಡ್ ಸುರಿಸಲು ಕೋಶಗಳಿಗೆ ಸೂಚಿಸುವ ಹಿಸ್ಟಮಿನ್‌ನ ಬಾಗಿಲು ಮುಚ್ಚಿ ಆಸಿಡ್ ತಗ್ಗಿಸುವ ಈ ವರ್ಗದ ಔಷಧಕ್ಕೆ ದಾರಿ ತೆರೆದದ್ದು ಬ್ರಿಟನ್ನಿನ ಔಷಧವಿಜ್ಞಾನಿ ಜೇಮ್ಸ್ ಬ್ಲ್ಯಾಕ್ ಅವರ ಕೆಲಸ. 1988ರಲ್ಲಿ ಅವರಿಗೆ ಬಂದ ನೊಬೆಲ್‌ಗೆ ಅದೂ ಒಂದು ಕಾರಣ. ಎನ್‌ಡಿಎಂಎ ಎಂಬ ಕ್ಯಾನ್ಸರ್‌ಕಾರಕದ ಕಲಬೆರಕೆಯ ಪ್ರಶ್ನೆಯಿಂದ ಅಮೆರಿಕ 2020ರಲ್ಲಿ ರಾನಿಟಿಡಿನ್ನನ್ನು ಹಿಂತೆಗೆಸಿತು, ಭಾರತದ ಅಗತ್ಯ ಔಷಧಗಳ ಪಟ್ಟಿಯಿಂದ 2022ರಲ್ಲಿ ಅದು ಹೊರಬಿತ್ತು. ಅದೇ ವರ್ಗದ ಫ್ಯಾಮೊಟಿಡಿನ್‌ಗೆ ಆ ಕಳಂಕ ಇಲ್ಲ, 20 ಅಥವಾ 40 ಮಿಗ್ರಾಂನಲ್ಲಿ ಸಿಗುತ್ತದೆ, ರಾತ್ರಿಯ ಆಸಿಡ್‌ಗೆ ಚೆನ್ನ. ಸತತ ಎರಡು ವಾರ ತೆಗೆದುಕೊಂಡರೆ ದೇಹ ಒಗ್ಗಿಕೊಂಡು ಪರಿಣಾಮ ಕುಂದುತ್ತದೆ ಎಂಬುದೇ ಇದರ ಮಿತಿ.

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್ ಈ ಕಪಾಟಿನ ನಿಜವಾದ ಬಲಶಾಲಿಗಳು. ಗೋಡೆಗೆ ಇವು ಒಂದು ಪದರವನ್ನೂ ಹಚ್ಚುವುದಿಲ್ಲ. ಆದರೆ ಆಸಿಡ್ ಸುರಿಸುವ ಪಂಪನ್ನೇ ಕಟ್ಟಿಬಿಡುವುದರಿಂದ ಗೋಡೆಗೆ ಮಾಯಲು ಬಿಡುವು ಸಿಗುತ್ತದೆ, ಪಿಎಚ್ 4 ದಾಟಿದರೆ ಪೆಪ್ಸಿನ್ನಿನ ಆಟವೂ ಬಹುಪಾಲು ನಿಲ್ಲುತ್ತದೆ. ನೋವಿನ ಮಾತ್ರೆ ಬಿಡಲಾಗದವರಿಗೆ ಜೊತೆಯಲ್ಲಿ ಕೊಡಲು ಇವಕ್ಕಿಂತ ನಂಬಲರ್ಹವಾದದ್ದು ಈ ಕಪಾಟಿನಲ್ಲಿ ಇಲ್ಲ.

ಹಾಗಿದ್ದೂ "ಪ್ಯಾನ್ ತಗೊಂಡ್ರೂ ಕಡಿಮೆ ಆಗ್ಲಿಲ್ಲ" ಎಂಬ ದೂರು ಏಕೆ? ಬಹಳ ಸಲ ಹೊತ್ತು ತಪ್ಪಿರುತ್ತದೆ. ಈ ಔಷಧ ರಕ್ತದಲ್ಲಿ ಉಳಿಯುವುದು ಒಂದೆರಡು ಗಂಟೆಯ ಮಟ್ಟಿಗೆ, ಹಿಡಿಯುವುದು ಆ ಹೊತ್ತಿಗೆ ಕೆಲಸ ಮಾಡುತ್ತಿರುವ ಪಂಪುಗಳನ್ನು ಮಾತ್ರ. ಪಂಪುಗಳು ಎಚ್ಚರಗೊಳ್ಳುವುದು ಊಟಕ್ಕೆ. ಆದ್ದರಿಂದ ಬೆಳಗಿನ ತಿಂಡಿಗೆ 30ರಿಂದ 60 ನಿಮಿಷ ಮುಂಚೆ ನುಂಗಿ, ಆಮೇಲೆ ತಿಂಡಿ ತಿನ್ನಲೇಬೇಕು. ಮಾತ್ರೆ ನುಂಗಿ ಮಧ್ಯಾಹ್ನದವರೆಗೆ ಬರೀ ಕಾಫಿಯಲ್ಲಿ ಕಳೆದರೆ, ಅಥವಾ ರಾತ್ರಿ ಮಲಗುವಾಗ ನುಂಗಿದರೆ ದುಡ್ಡು ದಂಡ. ಉರಿ ಬಂದಾಗ ನುಂಗುವ ಮಾತ್ರೆಯೂ ಇದಲ್ಲ. ಪೂರ್ತಿ ಪರಿಣಾಮಕ್ಕೆ 3ರಿಂದ 5 ದಿನ ಬೇಕು. ಪುಡಿ ಮಾಡಿದರೆ ಆಸಿಡ್ಡೇ ಅದನ್ನು ಹಾಳುಮಾಡುತ್ತದೆ. ನುಂಗಲಾಗದವರಿಗೆ ಒಮೆಪ್ರಜೋಲ್ ಕ್ಯಾಪ್ಸೂಲು ಬಿಡಿಸಿ ಒಳಗಿನ ಕಾಳುಗಳನ್ನು ಅಗಿಯದೆ ನುಂಗಿಸಬಹುದು. ಜಠರದ ಹುಣ್ಣಿಗೆ ಸಾಮಾನ್ಯವಾಗಿ 8 ವಾರ, ಸಣ್ಣಕರುಳಿನ ಮೊದಲ ಭಾಗದ ಹುಣ್ಣಿಗೆ 4 ವಾರ. ಇದೇ ಪಂಪನ್ನು ಬೇರೆ ಬಗೆಯಲ್ಲಿ ತಡೆಯುವ, ಈಚೆಗೆ ನಮ್ಮಲ್ಲೂ ಬಂದಿರುವ ವೊನೊಪ್ರಜಾನ್‌ಗೆ ಊಟದ ಹೊತ್ತಿನ ಕಟ್ಟಳೆ ಇಲ್ಲ, ಬೆಲೆ ಹೆಚ್ಚು.

ಬಲಶಾಲಿಗೂ ಕೈಗೆಟುಕದ ಜಾಗ ಇದೆ. ನೋವಿನ ಮಾತ್ರೆ ಸಣ್ಣಕರುಳಿನ ಕೆಳಭಾಗದಲ್ಲಿ ಮಾಡುವ ಹಾನಿ ಆಸಿಡ್ಡಿನದ್ದಲ್ಲ, ಪ್ಯಾಂಟೊಪ್ರಜೋಲ್ ಅದನ್ನು ತಡೆಯದು. ವರ್ಷಗಟ್ಟಲೆ ನುಂಗಿದರೆ ಬಿ12 ಮತ್ತು ಮೆಗ್ನೀಸಿಯಂ ಕುಸಿಯಬಹುದು, ಕರುಳಿನ ಸೋಂಕು, ಮೂಳೆ ಮುರಿತದ ಸಂಭವ ತುಸು ಏರಬಹುದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರು ಒಮೆಪ್ರಜೋಲ್, ಎಸೊಮೆಪ್ರಜೋಲ್ ಬಿಟ್ಟು ಪ್ಯಾಂಟೊಪ್ರಜೋಲ್ ಕೇಳುವುದು ಒಳ್ಳೆಯದು.

ಸ್ಟ್ರಿಪ್ಪಿನ ಹೆಸರಿಗೆ ಬಾಲ ಇದೆಯೇ ನೋಡಿ. ಡಿ ಅಥವಾ ಡಿಎಸ್‌ಆರ್ ಎಂದಿದ್ದರೆ ಡೊಂಪೆರಿಡೋನ್ ಸೇರಿದೆ, ಪ್ಯಾನ್-ಡಿಯಲ್ಲಿ ಅದು 30 ಮಿಗ್ರಾಂ. ವಾಂತಿ, ಹೊಟ್ಟೆ ಉಬ್ಬರ ಇಲ್ಲದವರಿಗೆ ಅದರ ಅಗತ್ಯವೇ ಇಲ್ಲ. ಹೃದಯದ ಲಯ ತಪ್ಪಿಸುವ ಸ್ವಭಾವ ಅದಕ್ಕಿದೆ, ಯುರೋಪಿನಲ್ಲಿ ಒಂದು ವಾರಕ್ಕಿಂತ ಹೆಚ್ಚು ಬೇಡ ಎನ್ನುತ್ತಾರೆ. ನಮ್ಮಲ್ಲಿ ವರ್ಷಗಟ್ಟಲೆ ನಡೆಯುತ್ತದೆ. ಎಲ್, ಎಲ್‌ಎಸ್ ಎಂಬ ಬಾಲ ಅದೇ ಕೆಲಸಕ್ಕೆ ಸೇರಿಸುವ ಲೆವೊಸಲ್ಪಿರೈಡ್ ಎಂಬ ಔಷಧದ್ದು. ವಯಸ್ಸಾದವರಲ್ಲಿ ಕೈ ನಡುಕ, ನಡಿಗೆ ನಿಧಾನವಾಗುವುದು ಶುರುವಾದರೆ ಪಾರ್ಕಿನ್ಸನ್ ಎಂದು ಹೆದರುವ ಮೊದಲು ಈ ಸ್ಟ್ರಿಪ್ಪನ್ನು ವೈದ್ಯರಿಗೆ ತೋರಿಸಬೇಕು. ಗೋಡೆಯ ಕಾವಲಿಗೆ ಬಾಲವಿಲ್ಲದ ಪ್ಯಾಂಟೊಪ್ರಜೋಲ್ 40 ಸಾಕು.

ನಿಜವಾಗಿ ಗೋಡೆ ಕಾಯುವವು

ಕಪಾಟಿನ ಈ ಭಾಗ ಚಿಕ್ಕದು, ಗಿರಾಕಿ ಕಡಿಮೆ.

ಸುಕ್ರಾಲ್ಫೇಟ್ ಸಕ್ಕರೆಯ ಸಲ್ಫೇಟಿಗೆ ಅಲ್ಯೂಮಿನಿಯಂ ಸೇರಿಸಿ ಮಾಡಿದ್ದು. ಹುಳಿಯಲ್ಲಿ, ಅಂದರೆ ಪಿಎಚ್ 4ಕ್ಕಿಂತ ಕೆಳಗೆ, ಮೈದಾ ಗೋಂದಿನಂತೆ ಅಂಟಾಗಿ ಹುಣ್ಣಿನ ತಳದ ಪ್ರೋಟೀನಿಗೆ ಕಚ್ಚಿಕೊಳ್ಳುತ್ತದೆ, ಸುಮಾರು 6 ಗಂಟೆ ಅಲ್ಲೇ ಕೂರುತ್ತದೆ. ಆಸಿಡ್, ಪೆಪ್ಸಿನ್, ಪಿತ್ತ ಮೂರಕ್ಕೂ ಅಡ್ಡ. ಡೋಸ್ 1 ಗ್ರಾಂ, ದಿನಕ್ಕೆ 4 ಸಲ, ಊಟಕ್ಕೆ ಒಂದು ಗಂಟೆ ಮುಂಚೆ ಮತ್ತು ಮಲಗುವಾಗ. ಊಟದ ಮೇಲೆ ಕುಡಿದರೆ ಅನ್ನದ ಪ್ರೋಟೀನಿಗೆ ಅಂಟಿ ವ್ಯರ್ಥ. ಆಂಟಾಸಿಡ್ ಜೊತೆ ಅರ್ಧ ಗಂಟೆಯಾದರೂ ಅಂತರ ಬೇಕು, ಉಳಿದ ಮಾತ್ರೆಗಳಿಗೆ 2 ಗಂಟೆ. ಮಲಬದ್ಧತೆ ಆಗಬಹುದು ಎಂದುಕೊಂಡೇ ಶುರುಮಾಡಿ. ಕಿಡ್ನಿ ಸೋತವರಿಗೆ ಅಲ್ಯೂಮಿನಿಯಂ ಮೈಯಲ್ಲಿ ಉಳಿಯುತ್ತದೆ, ಬೇಡ. ಇರುವ ಹುಣ್ಣು ಮುಚ್ಚಲು ಒಳ್ಳೆಯದು. ನೋವಿನ ಮಾತ್ರೆಯಿಂದ ಜಠರದಲ್ಲಿ ಹುಣ್ಣು ಆಗದಂತೆ ತಡೆಯುವ ವಿಷಯದಲ್ಲಿ ಪ್ಯಾಂಟೊಪ್ರಜೋಲ್‌ಗೆ ಸಮನಲ್ಲ. ದಿನಕ್ಕೆ ನಾಲ್ಕು ಸಲ ಗಡಿಯಾರ ನೋಡಿ ಕುಡಿಯುವವರು ಎಷ್ಟು ಮಂದಿ ಎಂಬುದು ಬೇರೆ ಪ್ರಶ್ನೆ. ಕೊಳ್ಳುವಾಗ ಹೆಸರಿನ ಕೊನೆಗೆ ಒ ಎಂದಿದ್ದರೆ ಅದರಲ್ಲೂ ಮರಗಟ್ಟಿಸುವ ಆಕ್ಸೆಟಕೇನ್ ಸೇರಿದೆ ಎಂದೇ ತಿಳಿಯಿರಿ.

ಮಿಸೊಪ್ರೊಸ್ಟಾಲ್ ತರ್ಕದ ಪ್ರಕಾರ ಎಲ್ಲಕ್ಕಿಂತ ಸರಿಯಾದ ಉತ್ತರ. ನೋವಿನ ಮಾತ್ರೆ ಕಿತ್ತುಕೊಂಡ ಪ್ರೊಸ್ಟಗ್ಲಾಂಡಿನ್ನನ್ನೇ ಇದು ಹಿಂದಿರುಗಿಸುತ್ತದೆ. 200 ಮೈಕ್ರೋಗ್ರಾಂ ದಿನಕ್ಕೆ ನಾಲ್ಕು ಸಲ. ಹುಣ್ಣು ತಡೆಯುವುದು ಸಾಬೀತಾಗಿದೆ. ಆದರೆ ಭೇದಿ, ಹೊಟ್ಟೆ ನುಲಿತ ತಾಳಲಾರದೆ ಬಹಳ ಜನ ಬಿಡುತ್ತಾರೆ. ಗರ್ಭಕೋಶವನ್ನು ಹಿಂಡುವುದರಿಂದ ಗರ್ಭಿಣಿಯರಿಗೆ, ಗರ್ಭಿಣಿಯಾಗುವ ಸಾಧ್ಯತೆ ಇರುವವರಿಗೆ ಖಂಡಿತ ಕೂಡದು. ವೈದ್ಯರ ಚೀಟಿಯಿಲ್ಲದೆ ಇದನ್ನು ಕೇಳಲೂ ಬೇಡಿ.

ರೆಬಮಿಪೈಡ್ 100 ಮಿಗ್ರಾಂ ದಿನಕ್ಕೆ ಮೂರು ಸಲ. ಜಪಾನಿನಲ್ಲಿ 1990ರಿಂದ ಬಳಕೆಯಲ್ಲಿದೆ. ಲೋಳೆ ಮತ್ತು ಪ್ರೊಸ್ಟಗ್ಲಾಂಡಿನ್ ಎರಡನ್ನೂ ಹೆಚ್ಚಿಸುತ್ತದೆ, ಅಡ್ಡಪರಿಣಾಮ ಕಡಿಮೆ, ಸಣ್ಣಕರುಳಿಗೂ ಒಂದಿಷ್ಟು ಉಪಕಾರ ಎಂದು ಸಣ್ಣ ಅಧ್ಯಯನಗಳು ಹೇಳುತ್ತವೆ. ದೊಡ್ಡ ಪುರಾವೆ ಪ್ಯಾಂಟೊಪ್ರಜೋಲ್‌ನಷ್ಟು ಇಲ್ಲ. ಜೊತೆಗಾರನಾಗಿ ಸರಿ.

ಬಿಸ್ಮತ್ ಹುಣ್ಣಿಗೆ ಹೊದಿಕೆಯಾಗುತ್ತದೆ, ಪೈಲೊರಿಯನ್ನೂ ಕೊಲ್ಲುತ್ತದೆ. ಅದಕ್ಕೇ 14 ದಿನಗಳ ನಾಲ್ಕು ಔಷಧದ ಚಿಕಿತ್ಸೆಯಲ್ಲಿ ಅದಕ್ಕೆ ಜಾಗ. ಮಲ ಕಪ್ಪಾಗುತ್ತದೆ, ಗಾಬರಿ ಬೇಡ. ಕಬ್ಬಿಣದ ಮಾತ್ರೆಯೂ ಹಾಗೇ. ಇವೆರಡನ್ನೂ ತೆಗೆದುಕೊಳ್ಳದವರ ಮಲ ಡಾಂಬರಿನ ಹಾಗೆ ಕಪ್ಪಾಗಿ, ಜಿಗುಟಾಗಿ, ವಿಪರೀತ ನಾರಿದರೆ, ಅಥವಾ ಕಾಫಿಪುಡಿಯ ಗಸಿಯಂಥ ವಾಂತಿಯಾದರೆ ಅದು ರಕ್ತ. ವಯಸ್ಸಾದವರಲ್ಲಿ ನೋವಿನ ಮಾತ್ರೆಯ ಹುಣ್ಣು ನೋವೇ ಕೊಡದೆ ನೇರ ಇಲ್ಲಿಗೆ ಬರುವುದುಂಟು. ಕಾರಣವಿಲ್ಲದೆ ತೂಕ ಇಳಿಯುವುದು, ತುತ್ತು ಸಿಕ್ಕಿಕೊಳ್ಳುವುದು, ರಕ್ತಹೀನತೆ, ಇವೂ ಅಂಗಡಿಯಲ್ಲಿ ಬಗೆಹರಿಯುವ ಸಂಗತಿಗಳಲ್ಲ.

ಗಿಡಮೂಲಿಕೆಯ ಸಾಲಿನಲ್ಲಿ ಗೋಡೆಯ ಲೆಕ್ಕಕ್ಕೆ ಬರುವುದು ಜ್ಯೇಷ್ಠಮಧು. ಅದರ ಸಾರದಿಂದಲೇ 1960ರ ದಶಕದಲ್ಲಿ ಬ್ರಿಟನ್ನಿನಲ್ಲಿ ಕಾರ್ಬೆನೊಕ್ಸೊಲೋನ್ ಎಂಬ ಹುಣ್ಣಿನ ಮದ್ದು ಹುಟ್ಟಿತು. ಹೆಚ್ಚು ದಿನ ತಿಂದರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ, ಆ ಮದ್ದು ಮೂಲೆಗೆ ಸರಿದದ್ದೂ ಇದರಿಂದಲೇ. ಜೀರಿಗೆ ನೀರು, ಮಜ್ಜಿಗೆ ಕುಡಿಯಲು ಚೆನ್ನ, ಮದ್ದಿನ ಜಾಗಕ್ಕೆ ಬರುವುದಿಲ್ಲ. ತಣ್ಣನೆಯ ಹಾಲು ಹತ್ತಿಪ್ಪತ್ತು ನಿಮಿಷ ಹಾಯೆನಿಸಿ, ಆಮೇಲೆ ತನ್ನ ಪ್ರೋಟೀನ್ ಮತ್ತು ಕ್ಯಾಲ್ಸಿಯಂನಿಂದ ಇನ್ನಷ್ಟು ಆಸಿಡ್ ಸುರಿಸುತ್ತದೆ.

ಕೊಳ್ಳುವ, ಬಿಡುವ ಲೆಕ್ಕ

ನೋವಿನ ಮಾತ್ರೆ ಕೊಟ್ಟವರೆಲ್ಲರಿಗೂ ಜೊತೆಗೊಂದು ಗ್ಯಾಸ್ಟ್ರಿಕ್ ಮಾತ್ರೆ ಎಂಬ ಪದ್ಧತಿ ಅತಿಯಾಯಿತು. ಎರಡು ದಿನದ ಹಲ್ಲುನೋವಿಗೆ ಐಬುಪ್ರೊಫೆನ್ ನುಂಗುವ ಆರೋಗ್ಯವಂತ ಯುವಕನಿಗೆ ಅದು ಬೇಕಿಲ್ಲ. ಬೇಕಾದವರು ಯಾರೆಂದರೆ 60-65 ದಾಟಿದವರು, ಹಿಂದೆ ಹುಣ್ಣಾದವರು, ರಕ್ತ ತೆಳುವಾಗಿಸುವ ಮಾತ್ರೆ, ಆಸ್ಪಿರಿನ್ ಅಥವಾ ಸ್ಟೀರಾಯ್ಡ್ ಜೊತೆಗೆ ನೋವಿನ ಮಾತ್ರೆ ತೆಗೆದುಕೊಳ್ಳುವವರು, ಒಂದೇ ಹೊತ್ತಿಗೆ ಎರಡು ಬಗೆಯ ನೋವಿನ ಮಾತ್ರೆ ನುಂಗುವವರು. ಈ ಕೊನೆಯವರಿಗೆ ಕಾವಲಿನ ಮಾತ್ರೆಗಿಂತ ಮೊದಲು ಬೇಕಾದದ್ದು ಒಂದನ್ನು ಬಿಡುವುದು. ತಿಂಗಳುಗಟ್ಟಲೆ ನುಂಗಬೇಕಾದವರು ಶುರುಮಾಡುವ ಮೊದಲೇ ಪೈಲೊರಿ ಪರೀಕ್ಷೆ ಮಾಡಿಸಿಕೊಂಡರೆ ಒಳ್ಳೆಯದು. ಉಸಿರಿನ ಪರೀಕ್ಷೆಯೋ ಮಲದ ಪರೀಕ್ಷೆಯೋ ಆದರೆ ಪ್ಯಾಂಟೊಪ್ರಜೋಲ್ ಜಾತಿಯನ್ನು 2 ವಾರ, ಆಂಟಿಬಯೋಟಿಕ್ ಮತ್ತು ಬಿಸ್ಮತ್ತನ್ನು 4 ವಾರ ಮುಂಚೆ ನಿಲ್ಲಿಸಿರಬೇಕು, ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದೂ ಇಲ್ಲವೆಂದು ಬರುತ್ತದೆ. ಚಿಕಿತ್ಸೆ ಮುಗಿದ ಮೇಲಿನ ಮರುಪರೀಕ್ಷೆಗೂ ಇದೇ ಅಂತರ.

ಬೆಲೆಯ ವಿಷಯದಲ್ಲಿ ಜನೌಷಧಿ ಕೇಂದ್ರದ ಪ್ಯಾಂಟೊಪ್ರಜೋಲ್ 40 ಹೆಸರಾಂತ ಬ್ರ್ಯಾಂಡಿನ ಬೆಲೆಯ ಒಂದು ಸಣ್ಣ ಪಾಲಿಗೆ ಸಿಗುತ್ತದೆ, ಒಳಗಿನ ಔಷಧ ಅದೇ. ಯಾವುದನ್ನೇ ಕೊಂಡರೂ ಪ್ಯಾಂಟೊಪ್ರಜೋಲ್ ಷೆಡ್ಯೂಲ್ ಎಚ್ ಔಷಧ, ಚೀಟಿಯ ಮೇಲೆ ಮಾರಬೇಕಾದದ್ದು.

ಎರಡು ತಿಂಗಳು ಸತತ ತೆಗೆದುಕೊಂಡ ಮೇಲೆ ಒಮ್ಮೆಲೇ ನಿಲ್ಲಿಸಿದರೆ, ತಡೆಹಿಡಿದಿದ್ದ ಪಂಪುಗಳು ಹೆಚ್ಚಿದ ಸಂಖ್ಯೆಯಲ್ಲಿ ಒಟ್ಟಿಗೇ ಎದ್ದು ಮೊದಲಿಗಿಂತ ಜೋರಾಗಿ ಆಸಿಡ್ ಸುರಿಸುತ್ತವೆ. ಕಾಯಿಲೆ ಮರಳಿತೆಂದು ತಿಳಿದು ಜನ ಮತ್ತೆ ಸ್ಟ್ರಿಪ್ ಹಿಡಿಯುವುದು ಈ ಹಂತದಲ್ಲೇ. 40 ಮಿಗ್ರಾಂನಿಂದ 20ಕ್ಕೆ ಇಳಿಸಿ ಎರಡು ವಾರ, ಆಮೇಲೆ ದಿನ ಬಿಟ್ಟು ದಿನ ಎರಡು ವಾರ, ಆಮೇಲೆ ನಿಲ್ಲಿಸಿ. ನಡುವೆ ಉರಿ ಬಂದರೆ ಊಟದ ಒಂದು ಗಂಟೆಯ ಮೇಲೆ 10 ಮಿಲಿ ಆಂಟಾಸಿಡ್, ರಾತ್ರಿಯ ಉರಿಗೆ ಫ್ಯಾಮೊಟಿಡಿನ್ 20. ಆಸ್ಪಿರಿನ್ ಕಾವಲಿಗೆಂದು ವೈದ್ಯರು ಬರೆದಿದ್ದರೆ ಈ ಲೆಕ್ಕ ಅನ್ವಯಿಸುವುದಿಲ್ಲ, ಆಸ್ಪಿರಿನ್ ನಡೆಯುವವರೆಗೂ ಅದು ನಡೆಯಬೇಕು.